ಎಡಗೆನ್ನೆ

ಜನವರಿ 14, 2025. ಮಂಗಳವಾರ, ಸಂಜೆ 5

ಎಂಟಕ್ಕೆ ಮಾತ್ರೆ. ಒಂಬತ್ತಕ್ಕೆ ರವೆಗಂಜಿ. ಹತ್ತಕ್ಕೆ ಹೆಂಡತಿ ಪ್ರಫುಲ್ಲಾಳ ಎಡಗೈ ಬೆರಳು ಬಿಡಿಸಿ ಮಡಚುವ ಎಕ್ಸರ್‌ಸೈಜು, ಇಪ್ಪತ್ತು ಸಲ. ಹದಿನೇಳಕ್ಕೇ "ಇಪ್ಪತ್ತಾತು, ಬಿಡ್ರಿ" ಎಂದಳು. ಆಗಿಲ್ಲ ಎಂದೆ. "ನಿಮಗ ಎಣಸ್ಲಿಕ್ಕೆ ಬರ್ತದ. ನನಗ ನೋವು ಬರ್ತದ." ಬಿಟ್ಟೆ. ಸ್ಟ್ರೋಕ್ ಆಗಿ ಹದಿನಾಲ್ಕು ತಿಂಗಳು. ಎಡಗೈ, ಎಡಗಾಲು ಸುಮ್ಮನಾಗಿವೆ. ಮುಖದ ಎಡಭಾಗ ಜಾರಿದೆ. ಮಾತು ತೊದಲುತ್ತದೆ, ಆದರೆ ಅದರ ಖಾರ ಒಂದು ಚಮಚವೂ ಕಡಿಮೆಯಾಗಿಲ್ಲ.

ಮಧ್ಯಾಹ್ನ ಕಮ್ಯೂನಿಟಿ ಸೆಂಟರಿನ ಪೇಂಟಿಂಗ್ ಕ್ಲಾಸು. ಮಂಗಳವಾರ ಮಗಳು ಸುರಭಿ ಪಕ್ಕದ ಊರು ನ್ಯೂಮಾರ್ಕೆಟ್‌ನಿಂದ ಬರುತ್ತಾಳೆ, ನಮ್ಮ ಡೈನಿಂಗ್ ಟೇಬಲ್ಲಿನಲ್ಲೇ ಲ್ಯಾಪ್‌ಟಾಪ್ ಇಟ್ಟು ಆಫೀಸು ಕೆಲಸ ಮಾಡುತ್ತ ತಾಯಿಯ ಜೊತೆ ಇರುತ್ತಾಳೆ. ಹಾಗಾಗಿ ನನಗೆ ವಾರಕ್ಕೆ ಮೂರು ಗಂಟೆ ರಜೆ. ಮೂವತ್ತೊಂದು ವರ್ಷ ಸೇತುವೆಗಳನ್ನು ಡಿಸೈನ್ ಮಾಡಿದವನು ಈಗ ಸೇಬು, ಹೂಜಿ ಬರೆಯುತ್ತಿದ್ದೇನೆ. ಟೀಚರ್ ಲೂಚಿಯಾ ಇಟಲಿಯವಳು, ಎಪ್ಪತ್ತು ದಾಟಿದೆ. ನನ್ನ ಸೇಬು ನೋಡಿ, "ಚಂದ್ರ, ಇದು ಎಂದೂ ಕುಸಿಯುವುದಿಲ್ಲ. ತಿನ್ನಲೂ ಆಗುವುದಿಲ್ಲ" ಎಂದಳು. ಮುಂದಿನ ವಾರದಿಂದ ಪೋರ್ಟ್ರೇಟ್ ಅಂತೆ. ರೆನೆಸಾನ್ಸ್ ಕಾಲದವು.

ಜನವರಿ 21, ಸಂಜೆ

ಪರದೆಯ ಮೇಲೆ ಐದುನೂರು ವರ್ಷದ ಹಿಂದಿನ ಮುಖಗಳು. ಲೂಚಿಯಾ ಹೇಳಿದ್ದು — ಆಗ ಮುಖ ಎಂದರೆ ಒಬ್ಬನದಲ್ಲ, ಇಡೀ ಮನೆತನದ್ದು. ಮೂಗು, ಗದ್ದ, ಕತ್ತು ಹಿಡಿದ ರೀತಿ ನೋಡಿದರೆ ಇವನು ಎಂಥ ಮನೆಯವನು, ಎಂಥ ಗುಣದವನು ಎಂದು ಗೊತ್ತಾಗಬೇಕು.

ಎರಡು ಚಿತ್ರ ತಲೆಯಲ್ಲಿ ಕೂತಿವೆ. ಒಂದು, ಒಬ್ಬ ಡ್ಯೂಕ್. ಬಲಗಣ್ಣು ಯಾವುದೋ ಪಂದ್ಯದಲ್ಲಿ ಹೋಗಿತ್ತಂತೆ. ಚಿತ್ರಕಾರ ಅವನ ಎಡ ಪ್ರೊಫೈಲ್, ಆ ಒಂದು ಮಗ್ಗುಲು ಮಾತ್ರ ಬರೆದ. ಹೋದ ಕಣ್ಣು ಚಿತ್ರದಲ್ಲೇ ಇಲ್ಲ, ಇಲ್ಲದ್ದನ್ನು ಯಾರೂ ಕೇಳುವುದೂ ಇಲ್ಲ. ಎದುರಿನ ಹಲಗೆಯಲ್ಲಿ ಅವನ ಹೆಂಡತಿ, ಅವನನ್ನೇ ನೋಡುತ್ತ. ಎರಡನೆಯದು ಒಬ್ಬ ಮುದುಕ. ಮೂಗಿನ ತುಂಬ ಗಂಟು. ಚಿತ್ರಕಾರ ಒಂದು ಗಂಟನ್ನೂ ಬಿಟ್ಟಿಲ್ಲ. ಪುಟ್ಟ ಮಗುವೊಂದು ಅವನ ಎದೆಯ ಮೇಲೆ ಕೈಯಿಟ್ಟು ಅದೇ ಮುಖವನ್ನು ನೋಡುತ್ತಿದೆ. ಲೂಚಿಯಾ ಇದರ ಮುಂದೆ ತುಂಬ ಹೊತ್ತು ನಿಂತಳು. ಪಕ್ಕದ ಹೆಂಗಸು ಕಣ್ಣು ಒರೆಸಿಕೊಂಡಳು. ನನಗೆ ಸೇರಲಿಲ್ಲ. ಮನೆಯ ಹಿರಿಯನ ಆ ಮೂಗನ್ನು ಐದುನೂರು ವರ್ಷ ಊರಿಗೆಲ್ಲ ತೋರಿಸಬೇಕಿತ್ತೆ?

ಧಾರವಾಡದ ಮನೆಯಲ್ಲಿ ನಮ್ಮಜ್ಜನ ತೈಲಚಿತ್ರ ಇತ್ತು. ರುಮಾಲು, ವಿಭೂತಿ, ಬೆಳ್ಳಿಹಿಡಿಯ ಕೋಲು. ಅಜ್ಜನಿಗೆ ಮೈಲಿ ಎದ್ದು ಮುಖದ ತುಂಬ ಕಲೆ ಇದ್ದವಂತೆ. ಚಿತ್ರದಲ್ಲಿ ಒಂದೂ ಇಲ್ಲ. ನಾವು ಕೈಮುಗಿದು ಬೆಳೆದದ್ದು ಆ ನುಣುಪಾದ ಮುಖಕ್ಕೆ. ಮರ್ಯಾದೆ ಎಂದರೆ ನನಗೆ ಅದೇ.

ಮೇ 12ಕ್ಕೆ ನಮ್ಮ ಮದುವೆಗೆ ಐವತ್ತು ವರ್ಷ. ಹಿಂದಿನ ದಿನ ಭಾನುವಾರ, ಕನ್ನಡ ಸಂಘದವರು ಹಾಲ್ ಹಿಡಿದಿದ್ದಾರೆ. ಅಷ್ಟರೊಳಗೆ ಬರೆಯುತ್ತೇನೆ. ನಾನೂ ಪ್ರಫುಲ್ಲಾಳೂ, ಎದುರುಬದುರು, ಪ್ರೊಫೈಲ್. ಅವಳ ಬಲಗೆನ್ನೆ ಮೊದಲಿನಂತೆಯೇ ಇದೆ. ಜನ ಅದನ್ನು ನೆನಪಿಟ್ಟುಕೊಳ್ಳಲಿ.

ಜನವರಿ 22

ಹೇಳಿದೆ. ಕಿಟಕಿ ಪಕ್ಕ ಕೂತಿದ್ದಳು. ಪೂರ್ತಿ ಕೇಳಿಸಿಕೊಂಡಳು.

"ಯಾವ ಮಗ್ಗಲಾ ಬರೀತೀರಿ?"

"ಬಲ."

"ಮೂಗುತಿ ಎಡಕ್ಕದ."

ನನಗೆ ಹೊಳೆದೇ ಇರಲಿಲ್ಲ. ಅವಳ ತಾಯಿ ಗುರುಬಸವ್ವ ತನ್ನ ಬೆಂಡೋಲೆ ಕರಗಿಸಿ ಮಾಡಿಸಿಕೊಟ್ಟ ಮೂಗುತಿ. ಐವತ್ತು ವರ್ಷದಲ್ಲಿ ತೆಗೆದದ್ದನ್ನು ನಾನು ನೋಡಿಲ್ಲ.

"ಮತ್ತ ನಾ ನಿಮ್ಮ ಯಾವ ಕಡೆ ಕೂಡಾಕಿ?"

ಕಾಗದದ ಮೇಲೆ ಗೀಚಿ ನೋಡಿದೆ. ಒಬ್ಬರನ್ನೊಬ್ಬರು ನೋಡುವ ಹಾಗೆ ಬರೆದರೆ, ಹೆಂಡತಿ ಗಂಡನ ಎಡಕ್ಕಿದ್ದಾಗ ಕಾಣುವುದು ಅವಳ ಎಡಗೆನ್ನೆಯೇ. ಬಲಗೆನ್ನೆ ಕಾಣಬೇಕೆಂದರೆ ಅವಳು ನನ್ನ ಬಲಕ್ಕೆ ಬರಬೇಕು. ಆ ಡ್ಯೂಕಿನ ಹೆಂಡತಿಯನ್ನೂ ಹಾಗೇ ಸರಿಸಿದ್ದಾರೆ. ಅವರಿಗೆ ನಡೆಯುತ್ತದೆ. ನಮ್ಮವರು ಹಾಲಿನಲ್ಲಿ ಮೊದಲು ನೋಡುವುದೇ ಹೆಂಡತಿ ಗಂಡನ ಎಡಕ್ಕಿದ್ದಾಳೆಯೇ ಎಂದು.

"ಎಡಮಗ್ಗಲಾನs ಬರೀರಿ," ಎಂದಳು. "ಎಲ್ಲಾ ಅಲ್ಲೇ ಅದ. ಮೂಗುತಿ ಅದ. ನಿಮ್ಮ ಎಡಕ್ಕ ಕೂತಂಗೂ ಆಗ್ತದ."

ಗೀಚಿದ ಕಾಗದ ಮಡಚಿದೆ.

"ಸೊಟ್ಟ ಅದ. ಗೊತ್ತದ ನನಗ. ಆದ್ರ ನಂದs ಮಾರಿ ಅಲ್ಲೇನ್ರಿ ಅದು?"

ಗಂಜಿ ಆರುತ್ತದೆ ಎಂದು ಅಡುಗೆಮನೆಗೆ ಬಂದೆ.

ಫೆಬ್ರವರಿ 9. ಭಾನುವಾರ

ಸಂಘದ ವೇಣುಗೋಪಾಲನ ಫೋನು. ಮೈಸೂರಿನವನು, ಮಾತಿಗೆ ಸಕ್ಕರೆ ಜಾಸ್ತಿ. "ಸಾರ್, ಸ್ಲೈಡ್ ಶೋ ಮಾಡ್ಬೇಕು ಅಂತಿದೀವಿ. ಮೇಡಮ್ಮೋರ್ದು ಈಚೆಗಿಂದು ಫೋಟೋ ಇದ್ರೆ ಕಳ್ಸಿ." ಇಲ್ಲ ಎಂದೆ. ಇರುವುದೂ ಇಲ್ಲ. ಸ್ಟ್ರೋಕ್ ಆದ ವಾರವೇ ಎಲ್ಲರಿಗೂ ಹೇಳಿಬಿಟ್ಟಿದ್ದೆ — ಫೋಟೋ ಬೇಡ. ಆಸ್ಪತ್ರೆಯಲ್ಲಿ ಸುರಭಿ ತೆಗೆದ ನಾಲ್ಕನ್ನೂ ನನ್ನೆದುರೇ ಡಿಲೀಟ್ ಮಾಡಿಸಿದ್ದೆ. ಹೋದ ದೀಪಾವಳಿಗೆ ಯಾರೋ ಮೊಬೈಲು ಎತ್ತಿದಾಗ ಅಡ್ಡ ನಿಂತಿದ್ದೆ. ಅವಳ ಮರ್ಯಾದೆ ಕಾಯುವವರು ಬೇರೆ ಯಾರಿದ್ದಾರೆ.

ಇವತ್ತು ನಾನೇ ಒಂದು ತೆಗೆದೆ. ಬಲಗೆನ್ನೆ ಮಾತ್ರ, ಕಿಟಕಿಯ ಬೆಳಕಿನಲ್ಲಿ. ತುಂಬ ಚೆನ್ನಾಗಿ ಬಂದಿದೆ.

ಫೆಬ್ರವರಿ 16. ಹಿಮ

ಡ್ರೈವ್‌ವೇ ಮುಚ್ಚಿಹೋಗಿದೆ. ಎಲ್ಲಿಗೂ ಹೋಗುವಂತಿಲ್ಲ. ಪ್ರಫುಲ್ಲಾ ತಾನೇ ಬಲಗೈಯಿಂದ ಗಾಲಿಕುರ್ಚಿ ತಿರುಗಿಸಿಕೊಂಡು ಎಡಗೆನ್ನೆ ನನ್ನ ಕಡೆ ಮಾಡಿ ಕೂತಳು. "ಬರೀರಿ. ಒಮ್ಮೆ ಬರದು ನೋಡ್ರಿ."

ಇದ್ದಿಲು ತೆಗೆದುಕೊಂಡೆ. ಆ ಕೆನ್ನೆ ನನಗೆ ಬಾಯಿಪಾಠ ಎಂದುಕೊಂಡಿದ್ದೆ. ನಾವು ವಲಸೆ ಬಂದ ಈ ದೇಶದಲ್ಲಿ ಕಾರು ಓಡಿಸುವವನು ಎಡಕ್ಕೆ ಕೂರುತ್ತಾನೆ, ಹೆಂಡತಿ ಬಲಕ್ಕೆ. ನಲವತ್ತೈದು ವರ್ಷ ನನ್ನ ಬಲಗಡೆಯ ಸೀಟಿನಲ್ಲಿ ಕಂಡದ್ದು ಅದೇ ಕೆನ್ನೆ, ಅದೇ ಮೂಗುತಿ. ಶನಿವಾರ ಜೆರಾರ್ಡ್ ರಸ್ತೆಯ ಇಂಡಿಯಾ ಬಜಾರಿಗೆ ಹೋಗಿ ಮೆಂತ್ಯಸೊಪ್ಪು, ಜೋಳದ ಹಿಟ್ಟು ತರುತ್ತಿದ್ದ ದಿನಗಳಿಂದ. ಹೈವೇಯಲ್ಲಿ ಎಕ್ಸಿಟ್ ತಪ್ಪಿದರೆ ಬೈಯುತ್ತಿದ್ದದ್ದೂ ಅದೇ ಮಗ್ಗುಲಿನಿಂದ.

ಒಂದು ಗಂಟೆ ಬರೆದೆ. ಕಣ್ಣಿನ ಕೆಳಗಿನ ರೆಪ್ಪೆ ಜೋತದ್ದು, ಬಾಯಿಯ ಮೂಲೆ ಇಳಿದದ್ದು, ಎಲ್ಲ. ಕೈ ಎಲ್ಲೂ ನಿಲ್ಲಲಿಲ್ಲ. ತೋರಿಸಿದೆ. ತುಂಬ ಹೊತ್ತು ನೋಡಿದಳು, ಬಲಗೈಯಲ್ಲಿ ಕಾಗದ ಹಿಡಿದು.

"ನಾನs," ಎಂದಳು. "ಇದನ್ನ ಇಡ್ರಿ."

ಫೆಬ್ರವರಿ 19. ಬುಧವಾರ, ಬೆಳಿಗ್ಗೆ 11

ಎರಡು ದಿನ ಆ ಕಾಗದ ಫ್ರಿಜ್ಜಿನ ಪಕ್ಕ ಒರಗಿಕೊಂಡಿತ್ತು. ಹಾಲು ತೆಗೆಯಲು ಹೋದಾಗಲೆಲ್ಲ ಎದುರಿಗೆ. ತಡೆಯಲಾಗಲಿಲ್ಲ. ಇವತ್ತು ಬೆಳಿಗ್ಗೆ ರದ್ದಿಯ ನೀಲಿ ಡಬ್ಬಿಗೆ ಹಾಕಿದೆ, ಹಳೆಯ ಫ್ಲೈಯರುಗಳ ಜೊತೆ. ಹತ್ತೂವರೆಗೆ ರದ್ದಿ ಒಯ್ಯುವ ಟ್ರಕ್ಕು ಬಂದು ಹೋಯಿತು.

ಎಲ್ಲಿ ಎಂದು ಕೇಳಿದಳು. ಒಳಗಿಟ್ಟಿದ್ದೇನೆ ಎಂದೆ.

ಮಾರ್ಚ್ 4

ದಾರಿ ಸಿಕ್ಕಿತು. ಎಂಜಿನಿಯರ್ ಎಂದ ಮೇಲೆ ಸಿಗಲೇಬೇಕು.

ಬಲಗೆನ್ನೆಯ ಫೋಟೋವನ್ನು ಕಂಪ್ಯೂಟರಿನಲ್ಲಿ ಕನ್ನಡಿಯಂತೆ ತಿರುಗಿಸಿದೆ. ಒಂದೇ ಕ್ಲಿಕ್. ಬಲ ಎಡವಾಯಿತು. ಈಗ ಅವಳು ನನ್ನ ಎಡಕ್ಕೆ ಕೂತು, ನನ್ನ ಕಡೆ ನೋಡುತ್ತ, ಜಾರದ ಎಡಗೆನ್ನೆ ತೋರಿಸುತ್ತಾಳೆ. ಸೆರಗು ಉಲ್ಟಾ ಆಗಿತ್ತು, ಅದನ್ನು ಸರಿಯಾದ ಹೆಗಲಿಗೆ ಹಾಕಿದೆ. ಮೂಗುತಿ ಸೇರಿಸಿದೆ. ಇಳಕಲ್ ಸೀರೆ, ಕೆಂಪು ಟೋಪ ಸೆರಗು. ಹಿಂದೆ ಆ ಇಟಲಿಯವರಂತೆಯೇ ದೂರದ ಗುಡ್ಡ, ಸಣ್ಣ ನದಿ. ಕ್ಯಾನ್ವಾಸಿನ ಅರ್ಧ ಅವಳಿಗೆ, ಅರ್ಧ ನನಗೆ ಬಿಟ್ಟಿದ್ದೇನೆ. ನನ್ನದು ಕೊನೆಗೆ.

ಬೇಸ್‌ಮೆಂಟಿನಲ್ಲಿ ಬರೆಯುತ್ತೇನೆ. ಅವಳಿಗೆ ಮೆಟ್ಟಿಲು ಇಳಿಯಲಾಗದು. ಮುಗಿದ ಮೇಲೆ ತೋರಿಸಿದರಾಯಿತು.

ಮಾರ್ಚ್ 25

ಕ್ಲಾಸಿಗೆ ಒಯ್ದಿದ್ದೆ. ಎಲ್ಲರೂ ಹೊಗಳಿದರು. ಲೂಚಿಯಾ ಮಾತ್ರ ಕನ್ನಡಕ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದಳು.

"ಚೆನ್ನಾಗಿ ಬರೆದಿದ್ದೀ. ನಿನ್ನ ಹೆಂಡತಿಗೆ ಕೋಪ ಬರುತ್ತದೆಯೇ?"

"ದಿನಾ ಬರುತ್ತದೆ."

"ಇವಳಿಗೆ ಬರುವುದಿಲ್ಲ."

ಕ್ಯಾನ್ವಾಸ್ ಕಾರಿಗೆ ಹಾಕಿಕೊಂಡು ಬಂದೆ. ಸುರಭಿ ಬಾಗಿಲಲ್ಲಿ ನೋಡಿ, "ವಾವ್ ಅಪ್ಪಾ, ಇಟ್ಸ್ ರಿಯಲಿ ಗುಡ್," ಎಂದಳು. ಇನ್ನೊಮ್ಮೆ ಬಗ್ಗಿ ನೋಡಿ, "ಬಟ್… ಇಟ್ ಡಸಂಟ್ ಲುಕ್ ಲೈಕ್ ಹರ್. ಐ ಡೋಂಟ್ ನೋ ವೈ." ಪ್ರೊಫೈಲ್ ನೋಡಿ ರೂಢಿಯಿಲ್ಲ, ಅದಕ್ಕೆ ಎಂದೆ.

ಏಪ್ರಿಲ್ 6. ಭಾನುವಾರ, ಸಂಜೆ

ತೋರಿಸಿದೆ. ತೋರಿಸಬಾರದಿತ್ತು.

ಮನೆಯ ಹಾಲಿನಲ್ಲಿ ಈಸೆಲ್ ನಿಲ್ಲಿಸಿ, ಅದರ ಮೇಲೆ ಚಿತ್ರ ಇಟ್ಟು, ಅವಳ ಕುರ್ಚಿ ತಂದು ನಿಲ್ಲಿಸಿದೆ. ನೋಡಿದಳು.

"ಇಕಿ ಯಾರು?"

ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ.

"ಮೂಗುತಿ ನಂದು. ಸೀರಿ ನಂದು. ಇಕಿ ಯಾರ್ರೀ?"

ಹೇಳಬೇಕಾಯಿತು. ಫೋಟೋ ತಿರುಗಿಸಿದ್ದು, ಎಲ್ಲ. ಯಾಕೆ ಎಂದೂ ಹೇಳಿದೆ — ಸಂಘದ ಹಾಲಿಗೆ ಇನ್ನೂರು ಜನ ಬರುತ್ತಾರೆ, ಅಯ್ಯೋ ಪಾಪ ಎನ್ನಬಾರದು, ನಿನ್ನ ಮರ್ಯಾದೆಗಾಗಿ.

"ನನ್ನ ಮರ್ಯಾದಿ ಅಲ್ಲ. ನಿಮ್ಮದು. ನನ್ನ ಮಾರಿ ನೋಡ್ಲಿಕ್ಕೆ ನಿಮಗ ನಾಚಿಕಿ." ತೊದಲಿಲ್ಲದೆ ಬಂತು. ಹದಿನೇಳು ತಿಂಗಳಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡಿರಲಿಲ್ಲ. "ಹಿಮಾ ಬಿದ್ದ ದಿನ ಬರದದ್ದು ತರ್ರಿ. ಅದನ್ನ ಹಾಲಿನಾಗ ಇಡೋಣು."

ಅದು ಇಲ್ಲ ಎಂದೆ.

ಕುರ್ಚಿ ತಿರುಗಿಸಲು ಹೇಳಿದಳು, ಕಿಟಕಿಯ ಕಡೆಗೆ. ತಿರುಗಿಸಿದೆ.

ಏಪ್ರಿಲ್ 8

ಅವಳು ಹೇಳಿದ್ದು ಅನ್ಯಾಯ. ದಿನಕ್ಕೆ ಮೂರು ಸಲ ಬಾಯಿ ಒರೆಸುವವನು ನಾನು. ಸ್ನಾನ, ಬಟ್ಟೆ, ಬೆರಳು — ಎಲ್ಲ ನಾನು. ನಾಚಿಕೆಯಿದ್ದವನು ಇದನ್ನೆಲ್ಲ ಮಾಡುತ್ತಾನೆಯೇ? ಒಪ್ಪುವುದಿಲ್ಲ.

ಇವತ್ತು ಒರೆಸುವಾಗ ಗಮನಿಸಿದೆ. ನಾನು ನೋಡುವುದು ಟವೆಲನ್ನು.

ಏಪ್ರಿಲ್ 10

ಬೆರಳಿನ ಎಕ್ಸರ್‌ಸೈಜು ಇಪ್ಪತ್ತಾದರೂ ಬಿಡಿ ಎನ್ನಲಿಲ್ಲ. ಮೂವತ್ತಾದರೂ ಎನ್ನಲಿಲ್ಲ. ನಾನೇ ನಿಲ್ಲಿಸಿದೆ.

ಏಪ್ರಿಲ್ 18. ಆಸ್ಪತ್ರೆ, ಬೆಳಿಗ್ಗೆ 7

ನಿನ್ನೆ ಮಧ್ಯಾಹ್ನ ಇನ್ನೊಂದು ಸ್ಟ್ರೋಕ್. ಈ ಸಲ ದೊಡ್ಡದು. ಸ್ಕ್ಯಾನಿಗೆ ಒಯ್ಯುವ ಮೊದಲು ನರ್ಸ್ ಮೂಗುತಿ ತೆಗೆದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ಅಂಗಿಯ ಜೇಬಿನಲ್ಲಿದೆ.

ಏಪ್ರಿಲ್ 22

ಕಣ್ಣು ತೆರೆದಿಲ್ಲ. ಡಾಕ್ಟರ್ ಸುರಭಿಯನ್ನು ಹೊರಗೆ ಕರೆದು ಮಾತಾಡಿದರು. ಅವಳು ಒಳಗೆ ಬಂದು ತಾಯಿಯ ಹೊದಿಕೆ ಸರಿಮಾಡಿದಳು.

ನನ್ನ ಕುರ್ಚಿ ಮಂಚದ ಎಡಗಡೆ. ಮಾನಿಟರ್ ಮಂಚದ ತಲೆಗಡೆ. ಬಿ.ಪಿ., ಆಕ್ಸಿಜನ್, ಪಲ್ಸ್. ಎಲ್ಲ ನಂಬರೂ ಬರೆದಿಟ್ಟಿದ್ದೇನೆ, ಪ್ರತಿ ಅರ್ಧ ಗಂಟೆಗೆ. ಯಾರಿಗೂ ಅವು ಬೇಕಿಲ್ಲ.

ಏಪ್ರಿಲ್ 26. ಶನಿವಾರ

ಬೆಳಿಗ್ಗೆ 9.40ಕ್ಕೆ ಹೋದಳು. ನಾನು ಆಗ ಮಾನಿಟರ್ ನೋಡುತ್ತಿದ್ದೆ.

ಏಪ್ರಿಲ್ 27

ಫ್ಯುನರಲ್ ಹೋಮಿನವರ ಫೋನು. ವಿನಯದ ಧ್ವನಿ. ಮುಖವನ್ನು ಸಿದ್ಧಗೊಳಿಸಲು ಈಚಿನ ಫೋಟೋ ಒಂದು ಬೇಕಂತೆ. ಸುರಭಿ ನನ್ನ ಕಡೆ ನೋಡಿದಳು. "ಅಪ್ಪಾ, ವಿ ಡೋಂಟ್ ಹ್ಯಾವ್ ಎನಿ." ಅಷ್ಟೇ. ಅವಳು ನನ್ನನ್ನು ಬೈಯಬಹುದಿತ್ತು, ಬೈಯಲಿಲ್ಲ.

ನಾನು ತೆಗೆದಿದ್ದ ಫೋಟೋದಲ್ಲಿ ಬಲಗೆನ್ನೆ ಮಾತ್ರ. ಎಡಕ್ಕೆ ಇದ್ದದ್ದು ಚಿತ್ರ. ಅದರ ಫೋಟೋ ತೆಗೆದು ಕಳಿಸಿದೆ. ಮೂಗುತಿಯ ಡಬ್ಬಿಯನ್ನೂ ಕೊಟ್ಟು ಬಂದೆ. ಎಡಕ್ಕೆ ಎಂದು ಎರಡು ಸಲ ಹೇಳಿದೆ.

ಏಪ್ರಿಲ್ 29. ಮಂಗಳವಾರ, ಮಧ್ಯಾಹ್ನ

ಸಂಘದವರೆಲ್ಲ ಬಂದಿದ್ದರು. ನಮ್ಮಲ್ಲಾಗಿದ್ದರೆ ಕೂಡಿಸುತ್ತಿದ್ದರು. ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ, ಮುಖ ಎಲ್ಲರ ಕಡೆಗೆ. ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಹತ್ತಿರ ಹೋಗಿ ಬಗ್ಗಿ ನೋಡಿದೆ.

ನೆಟ್ಟಗಿತ್ತು. ಬಾಯಿಯ ಎರಡು ಮೂಲೆಯೂ ಒಂದೇ ಮಟ್ಟ. ಎಡಗೆನ್ನೆ ತುಂಬಿಕೊಂಡು ನುಣುಪಾಗಿತ್ತು. ಮೂಗುತಿ ಜಾಗದಲ್ಲಿತ್ತು. ನಾನು ಬರೆದ ಹೆಂಗಸು ಅಲ್ಲಿ ಮಲಗಿದ್ದಳು.

ನನಗೂ ಸುರಭಿಗೂ ತಿಳಿಸದೆ ಸಂಘದವರು ಯಾರೋ ಮನೆಯಲ್ಲಿದ್ದ ಚಿತ್ರವನ್ನೂ ತಂದು ಪೆಟ್ಟಿಗೆಯ ಪಕ್ಕ ಈಸೆಲಿನ ಮೇಲೆ ಇಟ್ಟಿದ್ದರು. ಅದರ ಅರ್ಧ ಖಾಲಿ. ನನ್ನ ಅರ್ಧ. ಚಿತ್ರದವಳು ಆ ಖಾಲಿ ಬಟ್ಟೆಯನ್ನು ನೋಡುತ್ತಿದ್ದಳು. ವೇಣುಗೋಪಾಲ ನನ್ನ ಕೈ ಹಿಡಿದು, "ಎಂಥ ಕಳೆ ಸಾರ್. ಪೇಂಟಿಂಗಲ್ಲಿ ಇರೋ ಹಾಗೇ ಇದಾರೆ. ಕಾಯಿಲೆ ಬಿದ್ದೋರು ಅಂತ ಯಾರೂ ಹೇಳಲ್ಲ," ಎಂದ. ಹೌದು ಎಂದೆ. ಬಂದವರೆಲ್ಲ ಅದನ್ನೇ ಹೇಳಿದರು. ಯಾರೂ ಅಯ್ಯೋ ಪಾಪ ಎನ್ನಲಿಲ್ಲ.

ಲೂಚಿಯಾ ಬಂದಿದ್ದಳು, ಕಪ್ಪು ಕೋಟಿನಲ್ಲಿ. ಪ್ರಫುಲ್ಲಾಳನ್ನು ಅವಳು ಎಂದೂ ನೋಡಿರಲಿಲ್ಲ. ಪೆಟ್ಟಿಗೆಯನ್ನು, ಚಿತ್ರವನ್ನು, ಮತ್ತೆ ಪೆಟ್ಟಿಗೆಯನ್ನು ನೋಡಿದಳು. ನನ್ನ ಭುಜ ಮುಟ್ಟಿ ಹೊರಟುಹೋದಳು.

ಮುಚ್ಚಳ ಹಾಕುವ ಮೊದಲು ಬೆರಳಿನಿಂದ ಬಾಯಿಯ ಎಡಮೂಲೆ ಮುಟ್ಟಿದೆ. ಕೆಳಕ್ಕೆ ಎಳೆದೆ. ಗಟ್ಟಿಯಾಗಿತ್ತು, ಬರಲಿಲ್ಲ. ಸುರಭಿ, "ಅಪ್ಪಾ, ವಾಟ್ ಆರ್ ಯೂ ಡೂಯಿಂಗ್," ಎಂದು ಕೈ ಹಿಡಿದುಕೊಂಡಳು.

ಮೇ 7

ಎಂಟಕ್ಕೆ ಎಚ್ಚರ. ಗಂಜಿ ಮಾಡಿದೆ. ಇಬ್ಬರಿಗೆ ಆಗುವಷ್ಟು.

ಮೇ 12. ಸೋಮವಾರ, ಬೆಳಿಗ್ಗೆ 10

ಐವತ್ತು ವರ್ಷ.

ಕಿಟಕಿಯ ಪಕ್ಕ ಅವಳ ಕುರ್ಚಿಯನ್ನು ಎಡಮಗ್ಗುಲು ನನ್ನ ಕಡೆ ಬರುವಂತೆ ಇಟ್ಟಿದ್ದೇನೆ. ಹೊಸ ಕಾಗದ. ಇದ್ದಿಲು. ನಾನು ಬೇಡ, ಗುಡ್ಡ ಬೇಡ, ನದಿ ಬೇಡ. ಎಡಗೆನ್ನೆ ಮಾತ್ರ. ಇದ್ದ ಹಾಗೆ.

ಮೊದಲ ಕಾಗದದಲ್ಲಿ ಬಂದದ್ದು ಚಿತ್ರದ ಮುಖ. ಹರಿದೆ. ಎರಡನೆಯದರಲ್ಲೂ ಅದೇ. ಕಾರಿನಲ್ಲಿ ಕಾಣುತ್ತಿದ್ದವಳನ್ನಾದರೂ ನೆನೆಯೋಣ ಎಂದು ಕಣ್ಣು ಮುಚ್ಚಿದೆ. ರಸ್ತೆ ಬಂತು, ಎಕ್ಸಿಟ್ಟಿನ ಬೋರ್ಡು ಬಂತು. ಬಲಕ್ಕೆ ತಿರುಗಿದರೆ ಸೀಟಿನಲ್ಲಿ ಅವಳೇ ಕೂತಿದ್ದಾಳೆ, ನಾನು ಬರೆದವಳು. ಬೈಯುವುದಿಲ್ಲ. ನಲವತ್ತೈದು ವರ್ಷದ್ದನ್ನೂ ಅಳಿಸಿಬಿಟ್ಟಿದ್ದೇನೆ. ಪ್ರಫುಲ್ಲಾ, ನೀ ಹೇಳಿದ್ದು ಖರೆ. ನಾಚಿಕೆ ನನ್ನದು. ಒಂದು ಸಲ ನೆಟ್ಟಗೆ ನೋಡಿದ್ದರೆ ಸಾಕಿತ್ತು. ಹಿಮ ಬಿದ್ದ ದಿನ ನೋಡಿದ್ದೆ, ಒಂದು ಗಂಟೆ. ಆಗ ಕೈಗೆ ಎಲ್ಲ ಗೊತ್ತಿತ್ತು.

ನೆನಪಿದ್ದಷ್ಟು ಬರೆದಿಡುತ್ತೇನೆ. ಆಮೇಲೆ ಅದನ್ನು ನೋಡಿ ಚಿತ್ರ ಬರೆಯಬಹುದು.

ಕೆಳಗಿನ ರೆಪ್ಪೆ ಜೋತಿತ್ತು. ಒಳಗಿನ ಕೆಂಪು ಕಾಣುತ್ತಿತ್ತು.

ಗಂಜಿ ಎಡಮೂಲೆಯಿಂದಲೇ ಇಳಿಯುತ್ತಿತ್ತು. ಒರೆಸುತ್ತಿದ್ದದ್ದು ಹಳದಿ ಟವೆಲು. ಟವೆಲು ಚೆನ್ನಾಗಿ ನೆನಪಿದೆ, ಅಂಚಿನಲ್ಲಿ ಎರಡು ನೀಲಿ ಗೆರೆ.

ಮೂಗಿನಿಂದ ಬಾಯಿಯವರೆಗೆ ಒಂದು ಗೆರೆ ಇತ್ತು. ಇಲ್ಲ, ಅದು ಬಲಗಡೆ. ಎಡಗಡೆಯದು ಅಳಿಸಿಹೋಗಿತ್ತು. ಅಥವಾ ನಾನು ಚಿತ್ರದಲ್ಲಿ

ಬಾಯಿಯ ಮೂಲೆ ಇಳಿದಿತ್ತು. ಎಷ್ಟು ಇಳಿದಿತ್ತು ಎಂದರೆ, ಮೂಗುತಿಯಿಂದ ನೆಟ್ಟಗೆ ಕೆಳಗೆ ಬಂದರೆ